ಊರಿಗೆ ಬಂದವರು ನೀರಿಗೂ ಬರುತ್ತಾರೆ
ತಂಗುವ ಪ್ರವಾಸಿಗರ ಮೇಲಿನ ತೆರಿಗೆ ಮತ್ತು ಗ್ರಾಮ ಪಂಚಾಯಿತಿಯ ಪಾಲು

ಮೈಸೂರಿನ ಗೋಕುಲಂ ಬಡಾವಣೆಯ ಹೆಸರು ಇಂದು ಹಲವು ದೇಶಗಳ ಯೋಗಾಭ್ಯಾಸಿಗಳಿಗೆ ಗೊತ್ತು. ಹಾಸನದ ಬಳಿಯ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಯೋಗ ಸಂಶೋಧನಾ ಸಂಸ್ಥೆಯೊಂದನ್ನು ಆರಂಭಿಸಿದರು. ಮೊದಲು ಲಕ್ಷ್ಮೀಪುರಂನಲ್ಲಿದ್ದ ಅವರ ಶಾಲೆ 2000ರ ದಶಕದ ಮೊದಲ ವರ್ಷಗಳಲ್ಲಿ ಗೋಕುಲಂಗೆ ಬಂತು. ಜೋಯಿಸರು 2009ರಲ್ಲಿ ನಿಧನರಾದರು. ಆದರೆ ಯೋಗ ಕಲಿಯಲು ಬರುವವರ ಓಡಾಟ ನಿಲ್ಲಲಿಲ್ಲ. ಮಧ್ಯಮವರ್ಗದ ಮನೆಗಳ ಮೇಲಂತಸ್ತುಗಳು ಇಲ್ಲಿ ಬಾಡಿಗೆ ಕೋಣೆಗಳಾದವು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಇದ್ದು ಹೋಗುವ ಅತಿಥಿಗಳು ಬಡಾವಣೆಯ ದಿನಚರಿಯ ಭಾಗವೇ ಆದರು.

ಬಂದವರು ಸ್ನಾನ ಮಾಡಬೇಕು, ಬಟ್ಟೆ ಒಗೆಯಬೇಕು, ಊಟ ಮಾಡಬೇಕು. ಅವರು ನಡೆಯುವ ರಸ್ತೆಗೆ ದೀಪ ಬೇಕು. ಬೆಳಗ್ಗೆ ಅವರ ಕಸವನ್ನೂ ಯಾರೋ ಒಯ್ಯಬೇಕು. 'ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ' ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ತೆರಿಗೆಯ ದೃಷ್ಟಿಯಿಂದ ನೋಡಿದರೆ ಈ ಗಾದೆಯಲ್ಲಿ ಒಂದು ಆರ್ಥಿಕ ಸತ್ಯ ಅಡಗಿದೆ. ಊರಿಗೆ ಬಂದು ತಂಗಿದವರೆಲ್ಲ ಆ ಊರಿನ ನೀರಿಗೆ ಪಾಲುದಾರರು. ಹಾಗಾದರೆ ಆ ನೀರಿನ, ದೀಪದ, ಕಸದ ಖರ್ಚಿಗೂ ಅವರು ಪಾಲುದಾರರೇ?

ಗೋಕುಲಂಗೆ ಮಹಾನಗರಪಾಲಿಕೆಯ ಆಸರೆಯಿದೆ. ನೀರಿನ ಕೊಳವೆಗಳು, ಕಸದ ಗಾಡಿಗಳು, ಪೌರಕಾರ್ಮಿಕರು ಇದ್ದಾರೆ. ಲಕ್ಷಾಂತರ ಜನರಿರುವ ನಗರಕ್ಕೆ ಕೆಲವು ನೂರು ಅತಿಥಿಗಳು ದೊಡ್ಡ ಹೊರೆಯೆನಿಸುವುದಿಲ್ಲ. ಆದರೆ ಇದೇ ಅತಿಥಿಗಳು, ಇವರಿಗಿಂತ ಹೆಚ್ಚಾಗಿ ನಮ್ಮದೇ ರಾಜ್ಯದ ಪ್ರವಾಸಿಗಳು, ವಾರಾಂತ್ಯ ಬಂತೆಂದರೆ ಮೈಸೂರನ್ನು ದಾಟಿ ಕೊಡಗಿನ ತೋಟಗಳಿಗೆ, ಹೆಗ್ಗಡದೇವನಕೋಟೆಯ ಕಬಿನಿ ದಂಡೆಗೆ, ಬಂಡೀಪುರದ ಅಂಚಿನ ಹಳ್ಳಿಗಳಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಎದುರುಗೊಳ್ಳುವ ಆಡಳಿತವೆಂದರೆ ಒಂದು ಗ್ರಾಮ ಪಂಚಾಯಿತಿ. ಆದ್ದರಿಂದ ನಮ್ಮ ಪ್ರಶ್ನೆ ಹಳ್ಳಿಯಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ. ಪ್ರವಾಸಿ ಒಂದು ರಾತ್ರಿ ಹಳ್ಳಿಯಲ್ಲಿ ತಂಗಿದರೆ ಆ ರಾತ್ರಿಯ ತೆರಿಗೆ ಯಾರ ಬೊಕ್ಕಸಕ್ಕೆ ಹೋಗುತ್ತದೆ?

ಛತ್ರದ ಕಾಲ, ಹೋಟೆಲಿನ ಕಾಲ

ನಮ್ಮ ನಾಡಿನಲ್ಲಿ ಪರಸ್ಥಳದವರಿಗೆ ತಂಗಲು ಜಾಗ ಕೊಡುವುದು ಬಹುಕಾಲ ಪುಣ್ಯದ ಕೆಲಸವಾಗಿತ್ತು. ಹೆದ್ದಾರಿಯ ಅರವಟ್ಟಿಗೆ, ಕ್ಷೇತ್ರದ ಛತ್ರ, ಮಠದ ಪಡಸಾಲೆ ಇವೆಲ್ಲ ಆ ಭಾವನೆಯ ಫಲಗಳು. ಮೈಸೂರಿನಲ್ಲಿ ನಂಜರಾಜ ಬಹದ್ದೂರ್ ಛತ್ರದ ಹೆಸರು ಈಗಲೂ ಉಳಿದಿದೆ. ಛತ್ರದಲ್ಲಿ ತಂಗಿದವನು ದುಡ್ಡು ಕೊಡುತ್ತಿರಲಿಲ್ಲ ಎಂದಮಾತ್ರಕ್ಕೆ ಅಲ್ಲಿ ಖರ್ಚು ಇರಲಿಲ್ಲವೆಂದು ತಿಳಿಯಬಾರದು. ರಾಜರು, ವರ್ತಕರು, ದಾನಿಗಳು ಬಿಟ್ಟ ದತ್ತಿ ಜಮೀನಿನ ಹುಟ್ಟುವಳಿಯಿಂದ ಆ ಖರ್ಚು ಸಾಗುತ್ತಿತ್ತು. ಅತಿಥಿ ಕೊಡದಿದ್ದ ಹಣವನ್ನು ಬೇರೆ ಯಾರೋ ಮೊದಲೇ ಕೊಟ್ಟಿಟ್ಟಿರುತ್ತಿದ್ದರು.

ಹೋಟೆಲುಗಳ ಕಾಲ ಬಂದಾಗ ತಂಗುವಿಕೆ ವ್ಯಾಪಾರವಾಯಿತು. ವ್ಯಾಪಾರವಾದುದರ ಮೇಲೆ ತೆರಿಗೆಯೂ ಬಂತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಪಟ್ಟಿ ಎಂಬುದೊಂದಿದೆ. ಅದರ 62ನೆಯ ನಮೂದು ವಿಲಾಸಗಳು, ಮನರಂಜನೆ, ಜೂಜು ಮುಂತಾದವುಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಈ ಅಧಿಕಾರದ ಮೇಲೆ ಕರ್ನಾಟಕವು 1979ರಲ್ಲಿ ಹೋಟೆಲು ಮತ್ತು ವಸತಿಗೃಹಗಳಿಗೆ ಅನ್ವಯಿಸುವ ವಿಲಾಸ ತೆರಿಗೆಯ ಕಾನೂನನ್ನು ಮಾಡಿತು. ಜನ ಇದನ್ನು ಲಕ್ಸುರಿ ಟ್ಯಾಕ್ಸ್ ಎಂದೇ ಕರೆಯುತ್ತಿದ್ದರು. ಮಲಗಲು ಒಂದು ಕೋಣೆ ವಿಲಾಸವೇ ಎಂದು ಹೋಟೆಲಿನವರು ಪ್ರಶ್ನಿಸಿದರು. ಇಂಥ ರಾಜ್ಯ ಕಾನೂನುಗಳ ವಿರುದ್ಧದ ಮೊಕದ್ದಮೆಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. 1989ರಲ್ಲಿ ನ್ಯಾಯಾಲಯವು ಹೋಟೆಲ್ ವಾಸದ ಮೇಲಿನ ವಿಲಾಸ ತೆರಿಗೆಯನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಈ ತೆರಿಗೆಯನ್ನು ವಸೂಲು ಮಾಡುತ್ತಿದ್ದುದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ಹೋಟೆಲು ಮಡಿಕೇರಿಯಲ್ಲಿರಲಿ, ಹಳ್ಳಿಯ ಕಾಫಿ ತೋಟದ ನಡುವೆ ಇರಲಿ, ಹಣ ಸೇರುತ್ತಿದ್ದುದು ರಾಜ್ಯದ ಖಜಾನೆಗೆ. ಅಂದರೆ ತಂಗುವ ತೆರಿಗೆ ನಮ್ಮಲ್ಲಿ ಇತ್ತು, ಆದರೆ ಅದು ಸ್ಥಳೀಯ ತೆರಿಗೆಯಾಗಿರಲಿಲ್ಲ.

ಜಿಎಸ್‌ಟಿ ತಂದ ಬದಲಾವಣೆ

2016ರಲ್ಲಿ ಸಂವಿಧಾನಕ್ಕೆ 101ನೆಯ ತಿದ್ದುಪಡಿ ಬಂತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಜಾರಿಯಾಯಿತು. ವಿಲಾಸ ತೆರಿಗೆ ಅದರಲ್ಲಿ ಕರಗಿಹೋಯಿತು. ರಾಜ್ಯಪಟ್ಟಿಯ 62ನೆಯ ನಮೂದನ್ನು ಹೊಸದಾಗಿ ಬರೆಯಲಾಯಿತು. ಈಗ ಅಲ್ಲಿ ವಿಲಾಸ ಎಂಬ ಮಾತೇ ಇಲ್ಲ. ಪಂಚಾಯಿತಿ, ನಗರಾಡಳಿತ ಮೊದಲಾದ ಸ್ಥಳೀಯ ಸಂಸ್ಥೆಗಳು ತಾವೇ ವಿಧಿಸಿ ವಸೂಲು ಮಾಡುವ ಮನರಂಜನೆ ಮತ್ತು ವಿನೋದದ ತೆರಿಗೆ ಮಾತ್ರ ಉಳಿದಿದೆ. ಸಿನಿಮಾ, ಆಟ, ತಮಾಷೆಗಳಿಗೆ ಸ್ಥಳೀಯ ತೆರಿಗೆಯ ಬಾಗಿಲು ತೆರೆದಿದೆ. ರಾತ್ರಿ ತಂಗುವಿಕೆಗೆ ಆ ಬಾಗಿಲಿಲ್ಲ.

ಕೊಠಡಿಯ ಮೇಲಿನ ಜಿಎಸ್‌ಟಿ ದರ ಈ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. 2017ರಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆ ಬಾಡಿಗೆಗೆ ತೆರಿಗೆ ಇರಲಿಲ್ಲ. ಅತಿ ದುಬಾರಿ ಕೊಠಡಿಗೆ ಶೇ. 28 ಇತ್ತು. 2019ರ ಅಕ್ಟೋಬರಿನಲ್ಲಿ ಮೇಲಿನ ದರ ಶೇ. 18ಕ್ಕೆ ಇಳಿಯಿತು. 2022ರ ಜುಲೈಯಲ್ಲಿ ಅಗ್ಗದ ಕೊಠಡಿಗಳೂ ಶೇ. 12ರ ತೆರಿಗೆಗೆ ಒಳಪಟ್ಟವು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗೆ ಶೇ. 5 ನಿಗದಿಯಾಯಿತು.

ಒಂದು ಸರಳ ಲೆಕ್ಕ ಮಾಡೋಣ. ಹಳ್ಳಿಯೊಂದರ ಹೋಂಸ್ಟೇಯಲ್ಲಿ ಕೊಠಡಿಯ ಬಾಡಿಗೆ ರಾತ್ರಿಗೆ 2,000 ರೂಪಾಯಿ. ಶೇ. 5ರಂತೆ ತೆರಿಗೆ 100 ರೂಪಾಯಿ. ಇದರಲ್ಲಿ 50 ರೂಪಾಯಿ ಕೇಂದ್ರದ ಲೆಕ್ಕಕ್ಕೆ, 50 ರೂಪಾಯಿ ರಾಜ್ಯದ ಲೆಕ್ಕಕ್ಕೆ. ಅತಿಥಿ ಪುಣೆಯಿಂದ ಬಂದಿರಲಿ, ಪ್ಯಾರಿಸ್‌ನಿಂದ ಬಂದಿರಲಿ, ಕಟ್ಟಡ ಇರುವ ರಾಜ್ಯಕ್ಕೇ ರಾಜ್ಯದ ಪಾಲು ಸೇರಬೇಕು ಎಂಬುದು ಕಾನೂನಿನ ನಿಯಮ. ಅಂದರೆ ತಂಗಿದ ಜಾಗವೇ ತೆರಿಗೆಯ ಜಾಗ ಎಂಬ ತತ್ವವನ್ನು ಕಾನೂನು ಒಪ್ಪಿದೆ. ಆದರೆ ಈ ತತ್ವ ರಾಜ್ಯದವರೆಗೆ ಬಂದು ನಿಲ್ಲುತ್ತದೆ. ಊರಿನವರೆಗೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಅವರು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಅಂಥ ಮನೆಗೆ ಅತಿಥಿ ನೇರವಾಗಿ ಬಂದರೆ ತೆರಿಗೆ ಇಲ್ಲ. ಅದೇ ಅತಿಥಿ ಅಂತರ್ಜಾಲದ ಬುಕಿಂಗ್ ವೇದಿಕೆಯ ಮೂಲಕ ಬಂದರೆ, ಮನೆಯವರ ಬದಲು ಆ ವೇದಿಕೆಯೇ ತೆರಿಗೆ ಕಟ್ಟಬೇಕು. ಹೀಗೆ ಒಂದೇ ಕೋಣೆಯ ಒಂದೇ ಹಾಸಿಗೆಗೆ ಒಂದು ದಿನ ತೆರಿಗೆ ಇರುತ್ತದೆ, ಮರುದಿನ ಇರುವುದಿಲ್ಲ.

ಅತಿಥಿ ಯಾರು, ನಿವಾಸಿ ಯಾರು?

ಗೋಕುಲಂನಂಥ ಕಡೆ ಇನ್ನೊಂದು ಪ್ರಶ್ನೆ ಏಳುತ್ತದೆ. ಮೂರು ತಿಂಗಳು ಇರುವವನನ್ನು ಪ್ರವಾಸಿ ಎನ್ನಬೇಕೇ, ಬಾಡಿಗೆದಾರ ಎನ್ನಬೇಕೇ? ವಾಸದ ಮನೆಯನ್ನು ವಾಸಕ್ಕಾಗಿಯೇ ಬಾಡಿಗೆಗೆ ಕೊಟ್ಟರೆ, ಬಾಡಿಗೆಗೆ ಬಂದವರು ಜಿಎಸ್‌ಟಿ ನೋಂದಣಿ ಇಲ್ಲದವರಾಗಿದ್ದರೆ, ಅದಕ್ಕೆ ಜಿಎಸ್‌ಟಿ ಇಲ್ಲ. ಅತಿಥಿಗೃಹದ ಕೋಣೆಗೆ ಇದೆ. ಇವೆರಡರ ನಡುವಿನ ಗೆರೆ ತೆಳುವಾದದ್ದು. 2024ರ ಜುಲೈಯಲ್ಲಿ ಈ ಗೆರೆಯನ್ನು ಸ್ವಲ್ಪ ಸ್ಪಷ್ಟಗೊಳಿಸಲಾಯಿತು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಒದಗಿಸುವ ವಸತಿ ಸೇವೆಗೆ ತೆರಿಗೆ ವಿನಾಯಿತಿ ದೊರೆಯಿತು. ಊರು ಬಿಟ್ಟು ಹಾಸ್ಟೆಲಿನಲ್ಲಿ, ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ಇದ್ದುಕೊಂಡು ಓದುವ ವಿದ್ಯಾರ್ಥಿಗಳಾದ ನಿಮಗೂ ಈ ನಿಯಮ ಸಂಬಂಧಿಸಿದ್ದೇ.

ಇದರ ಹಿಂದಿನ ತರ್ಕ ಸರಳವಾದದ್ದು. ದೀರ್ಘಕಾಲ ಇರುವವರು ಊರಿನ ಬದುಕಿನಲ್ಲಿ ಬೆರೆಯುತ್ತಾರೆ. ಅಲ್ಲಿನ ಅಂಗಡಿ, ಅಲ್ಲಿನ ಬಸ್ಸು, ಅಲ್ಲಿನ ಬಾಡಿಗೆ ಎಲ್ಲಕ್ಕೂ ಹಣ ಕೊಡುತ್ತಾರೆ. ಒಂದು ರಾತ್ರಿಯ ಅತಿಥಿಗೆ ಊರಿನ ಸಂಬಂಧ ಅಷ್ಟೇ ಚಿಕ್ಕದು. ಅವನು ಬಳಸುವ ನೀರು ಮಾತ್ರ ಚಿಕ್ಕದಲ್ಲ.

ಜನಗಣತಿಯಲ್ಲಿ ಸಿಗದ ಜನ

ಜಲ ಜೀವನ ಮಿಷನ್ ಯೋಜನೆ 2019ರಲ್ಲಿ ಆರಂಭವಾದಾಗ ಗ್ರಾಮೀಣ ಮನೆಗಳಿಗೆ ತಲಾ ದಿನಕ್ಕೆ 55 ಲೀಟರ್ ನೀರು ಎಂಬ ಗುರಿಯನ್ನು ಇಟ್ಟುಕೊಂಡಿತು. ಕಟ್ಟಡಗಳ ನೀರು ಸರಬರಾಜಿಗೆ ಭಾರತೀಯ ಮಾನಕ ಸಂಸ್ಥೆ ರೂಪಿಸಿದ ಸಂಹಿತೆ ಸಾಧಾರಣ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಎಂದು ಲೆಕ್ಕ ಹಾಕುತ್ತದೆ. ಮಾನದಂಡಗಳನ್ನೇ ಹಿಡಿದು ಹೇಳುವುದಾದರೆ ಒಬ್ಬ ಅತಿಥಿ ಮೂವರು ಹಳ್ಳಿಗರಿಗಿಂತ ಹೆಚ್ಚು ನೀರು ಬಳಸುತ್ತಾನೆ.

ಲೆಕ್ಕಕ್ಕಾಗಿ ಒಂದು ಊರನ್ನು ಊಹಿಸಿಕೊಳ್ಳೋಣ. ಅಲ್ಲಿ 20 ಹೋಂಸ್ಟೇಗಳಿವೆ. ಪ್ರತಿಯೊಂದರಲ್ಲಿ 3 ಕೊಠಡಿಗಳು. ವರ್ಷದಲ್ಲಿ 100 ರಾತ್ರಿ ಎಲ್ಲ ಕೊಠಡಿಗಳು ತುಂಬುತ್ತವೆ. ಕೊಠಡಿಗೆ ಇಬ್ಬರು. ಆಗ ವರ್ಷಕ್ಕೆ 12,000 ಅತಿಥಿ-ರಾತ್ರಿಗಳಾದವು. ತಲಾ 180 ಲೀಟರಿನಂತೆ 21 ಲಕ್ಷ 60 ಸಾವಿರ ಲೀಟರ್ ನೀರು ಬೇಕು. ದಿನಕ್ಕೆ 55 ಲೀಟರ್ ಬಳಸುವ ಹಳ್ಳಿಯವರಿಗೆ ವರ್ಷಕ್ಕೆ ತಲಾ 20,075 ಲೀಟರ್ ಸಾಕು. ಭಾಗಿಸಿ ನೋಡಿ. ಊರಿಗೆ 107 ಮಂದಿ ಹೊಸದಾಗಿ ಬಂದು ವರ್ಷವಿಡೀ ನೆಲೆಸಿದಷ್ಟು ನೀರಿನ ಹೊರೆ ಅದು. ಹೋಂಸ್ಟೇಯಲ್ಲಿ ಹೋಟೆಲಿನ ಅರ್ಧದಷ್ಟೇ ನೀರು ಖರ್ಚಾಗುತ್ತದೆ ಎಂದುಕೊಂಡರೂ 50ಕ್ಕೂ ಹೆಚ್ಚು ಮಂದಿಯ ಹೊರೆ ಉಳಿಯುತ್ತದೆ. ಮೇಲಾಗಿ ಈ ಹೊರೆ ವರ್ಷವಿಡೀ ಸಮನಾಗಿ ಹರಡಿಕೊಳ್ಳುವುದಿಲ್ಲ. ರಜೆ ಬಂದ ವಾರ, ಬೇಸಿಗೆಯ ಬರಗಾಲದ ದಿನಗಳಲ್ಲೇ ಒಟ್ಟಾಗಿ ಬೀಳುತ್ತದೆ.

ಈ ಜನರು ಯಾವ ದಾಖಲೆಯಲ್ಲಿದ್ದಾರೆ? ಜನಗಣತಿ ಊರಿನ ನಿವಾಸಿಗಳನ್ನು ಎಣಿಸುತ್ತದೆ. 2011ರ ಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ಅಲ್ಲಿಗೆ ಬಂದುಹೋಗುವ ಪ್ರವಾಸಿಗಳು ಈ ಅಂಕಿಯಲ್ಲಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ಸಿಗುವ ಅನುದಾನಕ್ಕೆ ಮುಖ್ಯ ಅಳತೆಗೋಲು ಜನಸಂಖ್ಯೆಯೇ. 14 ಮತ್ತು 15ನೆಯ ಕೇಂದ್ರ ಹಣಕಾಸು ಆಯೋಗಗಳು ಈ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10 ಪ್ರಾಮುಖ್ಯ ಕೊಟ್ಟವು. ಅತಿಥಿಗಳ ಲೆಕ್ಕ ಆ ಸೂತ್ರದಲ್ಲಿ ಇಲ್ಲ. ಹೀಗೆ ಪ್ರವಾಸಿಗಳಿಂದ ತುಂಬಿದ ಪಂಚಾಯಿತಿ ತನ್ನ ನಿವಾಸಿಗಳ ಹೆಸರಿನಲ್ಲಿ ಹಣ ಪಡೆದು ನಿವಾಸಿಗಳಲ್ಲದವರಿಗೂ ಸೇವೆ ಒದಗಿಸಬೇಕಾಗುತ್ತದೆ.

ನಮ್ಮ ಊಹೆಯ ಊರಿನಲ್ಲಿ ಎಲ್ಲ ಅತಿಥಿಗಳೂ ಬುಕಿಂಗ್ ವೇದಿಕೆಗಳ ಮೂಲಕ ಬಂದರೆ, 2,000 ರೂಪಾಯಿ ಬಾಡಿಗೆಯ 6,000 ಕೊಠಡಿ-ರಾತ್ರಿಗಳಿಗೆ ಜಿಎಸ್‌ಟಿ 6 ಲಕ್ಷ ರೂಪಾಯಿ. ಮೂರು ಲಕ್ಷ ದೆಹಲಿಗೆ, ಮೂರು ಲಕ್ಷ ಬೆಂಗಳೂರಿಗೆ. ಎಲ್ಲರೂ ನೇರವಾಗಿ ಬಂದರೆ, ಪ್ರತಿ ಮನೆಯ ವಹಿವಾಟು 20 ಲಕ್ಷಕ್ಕಿಂತ ಕಡಿಮೆಯಿರುವುದರಿಂದ, ತೆರಿಗೆ ಸೊನ್ನೆ. ಎರಡು ಸಂದರ್ಭಗಳಲ್ಲೂ ಪಂಚಾಯಿತಿಗೆ ನೇರವಾಗಿ ಬರುವುದು ಏನೂ ಇಲ್ಲ.

ಪಂಚಾಯಿತಿಯ ಕೈಯಲ್ಲಿ ಏನಿದೆ?

ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಬಾರದು, ವಸೂಲು ಮಾಡಬಾರದು ಎಂದು ಸಂವಿಧಾನದ 265ನೆಯ ವಿಧಿ ಹೇಳುತ್ತದೆ. 73ನೆಯ ತಿದ್ದುಪಡಿಯ ಮೂಲಕ ಬಂದ 243-ಎಚ್ ವಿಧಿಯ ಪ್ರಕಾರ ಪಂಚಾಯಿತಿ ಯಾವ ತೆರಿಗೆ ಹಾಕಬಹುದು ಎಂಬುದನ್ನು ರಾಜ್ಯದ ಶಾಸಕಾಂಗವೇ ಗೊತ್ತುಮಾಡಬೇಕು. ಪಂಚಾಯಿತಿ ಸಭೆ ಸೇರಿ ತನಗೆ ಬೇಕೆನಿಸಿದ ತೆರಿಗೆಯನ್ನು ಘೋಷಿಸುವಂತಿಲ್ಲ.

ಕರ್ನಾಟಕದ 1993ರ ಪಂಚಾಯತ್ ರಾಜ್ ಅಧಿನಿಯಮದ 199ನೆಯ ಪ್ರಕರಣ ಗ್ರಾಮ ಪಂಚಾಯಿತಿಯ ಆದಾಯದ ಪಟ್ಟಿಯನ್ನು ಕೊಡುತ್ತದೆ. ಕಟ್ಟಡಗಳ ಮೇಲಿನ ತೆರಿಗೆ, ಕೃಷಿ ಕಂದಾಯಕ್ಕೆ ಒಳಪಡದ ಜಮೀನಿನ ತೆರಿಗೆ, ನೀರಿನ ದರ, ಸಿನಿಮಾ ಬಿಟ್ಟು ಉಳಿದ ಮನರಂಜನೆಯ ತೆರಿಗೆ, ಸಂತೆಯ ಶುಲ್ಕ, ಬಸ್ ನಿಲ್ದಾಣದ ಶುಲ್ಕ ಮುಂತಾದವು ಅಲ್ಲಿವೆ. ಈ ಪಟ್ಟಿಯಲ್ಲಿ ನಮ್ಮ ವಿಷಯಕ್ಕೆ ಅತಿ ಹತ್ತಿರವಾದ ಒಂದು ಬಾಬು ಇದೆ. ಅದು ಯಾತ್ರಿಕರ ಶುಲ್ಕ. ಜಾತ್ರೆ, ಉತ್ಸವಗಳಿಗೆ ಬರುವವರಿಂದ ಪಂಚಾಯಿತಿ ಶುಲ್ಕ ಪಡೆಯಬಹುದು. ಆದರೆ ಒಂದು ಷರತ್ತು: ನೀರು, ಆರೋಗ್ಯ, ನೈರ್ಮಲ್ಯದ ಅಗತ್ಯ ಏರ್ಪಾಡುಗಳನ್ನು ಪಂಚಾಯಿತಿ ಮಾಡಿರಬೇಕು.

ಇದರ ಅರ್ಥವನ್ನು ಬಿಡಿಸಿ ನೋಡಿ. ಮೇಲುಕೋಟೆಯ ವೈರಮುಡಿ ಉತ್ಸವ, ತಲಕಾವೇರಿಯ ತೀರ್ಥೋದ್ಭವ ಇಂಥ ಸಂದರ್ಭಗಳಲ್ಲಿ ಒಂದು ಸಣ್ಣ ಊರಿಗೆ ಅದರ ಜನಸಂಖ್ಯೆಗಿಂತ ಎಷ್ಟೋ ಪಟ್ಟು ಜನ ಬರುತ್ತಾರೆ. ಬಂದವರು ನೀರಿಗೂ ಬರುತ್ತಾರೆ ಎಂಬುದನ್ನು ಕಾನೂನು ಮಾಡಿದವರು ಅರಿತಿದ್ದರು. ಆದರೆ ಅವರ ಕಣ್ಣ ಮುಂದೆ ಇದ್ದುದು ಜಾತ್ರೆಯ ಯಾತ್ರಿಕ. ವಾರಾಂತ್ಯದ ಪ್ರವಾಸಿ ಆಗ ಹಳ್ಳಿಗಳಲ್ಲಿ ಅಪರೂಪ. ಈಗ ಕೊಡಗಿನ, ಚಿಕ್ಕಮಗಳೂರಿನ ಅನೇಕ ಊರುಗಳಲ್ಲಿ ಪ್ರತಿ ಶನಿವಾರವೂ ಒಂದು ಜಾತ್ರೆ. ಕಾನೂನಿನ ಪಟ್ಟಿಯಲ್ಲಿ ಆ ಜಾತ್ರೆಗೆ ಹೆಸರಿಲ್ಲ.

ತೆರಿಗೆ ಬೇರೆ, ಶುಲ್ಕ ಬೇರೆ

ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿ ತಿಳಿಯಬೇಕು. ತೆರಿಗೆ ಎಂದರೆ ಸರ್ಕಾರ ಸಾರ್ವಜನಿಕ ವೆಚ್ಚಕ್ಕಾಗಿ ಕಡ್ಡಾಯವಾಗಿ ಪಡೆಯುವ ಹಣ. ಕೊಟ್ಟವನಿಗೆ ನಿರ್ದಿಷ್ಟವಾಗಿ ಇಂಥದೇ ಸೇವೆ ಸಿಗಬೇಕೆಂಬ ನಿಯಮವಿಲ್ಲ. ಶುಲ್ಕ ಎಂದರೆ ಸೇವೆಗೆ ಪ್ರತಿಯಾಗಿ ಪಡೆಯುವ ಹಣ. ಈ ವ್ಯತ್ಯಾಸವನ್ನು ನಮ್ಮ ದೇಶದ ಕಾನೂನಿನಲ್ಲಿ ನೆಲೆಗೊಳಿಸಿದ ಪ್ರಸಿದ್ಧ ಮೊಕದ್ದಮೆ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠ ಆಗ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಧಾರ್ಮಿಕ ದತ್ತಿಗಳ ಮೇಲ್ವಿಚಾರಣೆಯ ಖರ್ಚಿಗೆಂದು ಮಠದ ವರಮಾನದಿಂದ ಶೇ. 5ರವರೆಗೆ ಹಣ ಪಡೆಯಲು 1951ರ ಮದ್ರಾಸ್ ಕಾನೂನು ಅವಕಾಶ ಮಾಡಿತ್ತು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಣಕ್ಕೂ ಮಠಕ್ಕೆ ದೊರೆಯುವ ಸೇವೆಗೂ ಸಂಬಂಧ ಕಾಣದ್ದರಿಂದ ಅದು ಶುಲ್ಕವಲ್ಲ, ತೆರಿಗೆಯೇ ಎಂದು ತೀರ್ಮಾನಿಸಿತು. ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಆ ಭಾಗವನ್ನು ತಳ್ಳಿಹಾಕಿತು. ಪಡೆದ ಶುಲ್ಕಕ್ಕೂ ಕೊಟ್ಟ ಸೇವೆಗೂ ಪೈಸೆ ಪೈಸೆಯ ತಾಳೆ ಬೇಡ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದು ಮುಂದಿನ ತೀರ್ಪುಗಳು ಹೇಳಿವೆ.

ಈ ಪಾಠ ಇಂದಿನ ಹಳ್ಳಿಗೆ ನೇರವಾಗಿ ಅನ್ವಯಿಸುತ್ತದೆ. ಕೊಠಡಿ ಬಾಡಿಗೆಯ ಮೇಲಿನ ತೆರಿಗೆ ಜಿಎಸ್‌ಟಿಯ ಒಳಗೆ ಸೇರಿಹೋಗಿದೆ. ಅದರ ಮೇಲೆ ಇನ್ನೊಂದು ಸ್ಥಳೀಯ ತೆರಿಗೆಗೆ ದಾರಿಯಿಲ್ಲ. ಆದರೆ ಕಸ ಸಾಗಣೆ, ನೀರು, ನೈರ್ಮಲ್ಯದಂಥ ಸೇವೆಗೆ ಶುಲ್ಕ ಪಡೆಯಲು ಶಾಸಕಾಂಗ ಅವಕಾಶ ಮಾಡಿಕೊಡಬಹುದು. ಯಾತ್ರಿಕರ ಶುಲ್ಕ ಅದಕ್ಕೆ ಸಿದ್ಧ ಮಾದರಿ. ಸೇವೆ ಇಲ್ಲದೆ ಹಣ ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನವಿದೆ. ಈಸ್ಟ್ ಇಂಡಿಯಾ ಕಂಪೆನಿ ಪುರಿ ಜಗನ್ನಾಥನ ಯಾತ್ರಿಕರಿಂದ ಪಡೆಯುತ್ತಿದ್ದ ತೆರಿಗೆ ಬಹಳ ಟೀಕೆಗೆ ಗುರಿಯಾಗಿ 1840ರಲ್ಲಿ ರದ್ದಾಯಿತು.

ಹೊರದೇಶಗಳ ಅನುಭವ

ಯುರೋಪಿನಲ್ಲಿ ತಂಗುವ ತೆರಿಗೆ ಹಳೆಯ ಸಂಗತಿ. ಜರ್ಮನಿಯ ಬಿಸಿನೀರಿನ ಬುಗ್ಗೆಗಳ ಊರಾದ ಬಾಡೆನ್-ಬಾಡೆನ್‌ನಲ್ಲಿ 1507ರಲ್ಲೇ ಆರೋಗ್ಯಸ್ನಾನಕ್ಕೆ ಬಂದವರಿಂದ ಕರ ಪಡೆದ ದಾಖಲೆಯಿದೆ. ಜರ್ಮನ್ ಭಾಷೆಯಲ್ಲಿ ಇದಕ್ಕೆ ಕೂರ್‌ಟಾಕ್ಸೆ ಎಂದು ಹೆಸರು. ಇಂದು ಅಲ್ಲಿನ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ನೂರಕ್ಕೂ ಹೆಚ್ಚು ಊರುಗಳಲ್ಲಿ ಈ ಹಣದ ಒಂದು ಭಾಗದಿಂದ ಅತಿಥಿಗಳಿಗೆ ಬಸ್ಸು, ರೈಲುಗಳಲ್ಲಿ ಉಚಿತವಾಗಿ ಓಡಾಡುವ ಚೀಟಿ ಕೊಡುತ್ತಾರೆ. ಅತಿಥಿಗೆ ಅನುಕೂಲ, ಊರಿಗೆ ಕಾರುಗಳ ಗದ್ದಲ ಕಡಿಮೆ.

ಫ್ರಾನ್ಸ್ ದೇಶದಲ್ಲಿ 1910ರ ಕಾನೂನು ಆರೋಗ್ಯಧಾಮಗಳಂಥ ಊರುಗಳಿಗೆ ತಂಗುವ ತೆರಿಗೆಯ ಹಕ್ಕನ್ನು ಕೊಟ್ಟಿತು. ತೆರಿಗೆಯನ್ನು ಹಾಕುವುದು ಸ್ಥಳೀಯ ಆಡಳಿತ. ಅದರ ಹಣ ಪ್ರವಾಸದ ಅನುಕೂಲಗಳಿಗೆ, ನಿಸರ್ಗತಾಣಗಳ ರಕ್ಷಣೆಗೆ ಬಳಕೆಯಾಗಬೇಕು. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಯಲ್ಲಿ ಮೀಯುವವರು ಸ್ನಾನದ ತೆರಿಗೆ ಕೊಡುತ್ತಾರೆ. ದಿನಕ್ಕೆ ತಲಾ 150 ಯೆನ್ ಸಾಮಾನ್ಯ ದರ. ಅದನ್ನು ಪಡೆಯುವುದೂ ಊರಿನ ಆಡಳಿತವೇ. ನೈರ್ಮಲ್ಯ, ಬುಗ್ಗೆಯ ರಕ್ಷಣೆ, ಅಗ್ನಿಶಾಮಕ ವ್ಯವಸ್ಥೆ, ಪ್ರವಾಸೋದ್ಯಮ ಇವುಗಳಿಗೆ ಅದನ್ನು ಖರ್ಚುಮಾಡಬೇಕು.

ನೆರೆಯ ಭೂತಾನ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಪ್ರವಾಸಿಗಳು ರಾತ್ರಿಗೆ ಇಷ್ಟೆಂದು ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು. ಭಾರತೀಯರಿಗೆ 2020ರಲ್ಲಿ ನಿಗದಿಯಾದ ದರ ತಲಾ 1,200 ರೂಪಾಯಿ. ಈ ಹಣ ದೇಶದ ಸರ್ಕಾರಕ್ಕೆ ಸೇರುತ್ತದೆ. ಇಟಲಿಯ ವೆನಿಸ್ ನಗರದ್ದು ಇನ್ನೊಂದು ತೊಡಕು. ತಂಗುವವರು ತೆರಿಗೆ ಕೊಡುತ್ತಾರೆ, ಬೆಳಗ್ಗೆ ಬಂದು ಸಂಜೆ ಹೋಗುವವರು ಏನನ್ನೂ ಕೊಡುವುದಿಲ್ಲ. ಅದಕ್ಕಾಗಿ 2024ರ ಏಪ್ರಿಲಿನಲ್ಲಿ ಜನದಟ್ಟಣೆಯ ದಿನಗಳಿಗೆ ಹಗಲು ಪ್ರವಾಸಿಗಳಿಗೂ 5 ಯೂರೋ ಪ್ರವೇಶಶುಲ್ಕ ಇಟ್ಟರು.

ಈ ನಿದರ್ಶನಗಳಲ್ಲಿ ಜರ್ಮನಿ, ಫ್ರಾನ್ಸ್, ಜಪಾನುಗಳ ಊರುಗಳಿಗೆ ಸಾಮಾನ್ಯವಾದ ಮೂರು ಅಂಶಗಳಿವೆ. ಮೊತ್ತ ಚಿಕ್ಕದು. ಅದನ್ನು ಪಡೆಯುವುದು ಅತಿಥಿ ಮಲಗಿದ ಊರು. ಅದನ್ನು ಖರ್ಚು ಮಾಡುವ ಬಾಬು ಮೊದಲೇ ಗೊತ್ತಾಗಿದೆ.

ನಮ್ಮಲ್ಲಿ ಮಾಡಬಹುದೇ?

ನಮ್ಮ ಊಹೆಯ ಊರಿಗೆ ಮರಳೋಣ. ಅಲ್ಲಿ ಅತಿಥಿಯೊಬ್ಬನಿಗೆ ರಾತ್ರಿಗೆ 20 ರೂಪಾಯಿ ಸೇವಾಶುಲ್ಕ ಇಟ್ಟರೆ ವರ್ಷಕ್ಕೆ 2 ಲಕ್ಷ 40 ಸಾವಿರ ರೂಪಾಯಿ ಬರುತ್ತದೆ. 2,000 ರೂಪಾಯಿಯ ಕೋಣೆ ಹಿಡಿಯುವ ಇಬ್ಬರಿಗೆ 40 ರೂಪಾಯಿ ಭಾರವೆನಿಸದು. ಪಂಚಾಯಿತಿಗೆ ಅದು ಸಣ್ಣ ಮೊತ್ತವೂ ಅಲ್ಲ. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ 'ಸ್ವಚ್ಛ ಸಂಕೀರ್ಣ' ಎಂಬ ಕಸ ವಿಂಗಡಣೆಯ ಘಟಕಗಳಿವೆ. ಸ್ವಸಹಾಯ ಸಂಘಗಳ ಮಹಿಳೆಯರು ವಾಹನ ನಡೆಸಿ ಮನೆಮನೆಯ ಕಸ ತರುತ್ತಾರೆ. ಸೋಮವಾರದ ಬೆಳಗ್ಗೆ ಅವರ ಗಾಡಿಗೆ ಬೀಳುವ ಪ್ಲಾಸ್ಟಿಕ್ ಬಾಟಲಿಗಳ ರಾಶಿ ಊರಿನವರದಷ್ಟೇ ಅಲ್ಲ. ಆ ಗಾಡಿಯ ಡೀಸೆಲ್ಲಿಗೆ, ಆ ಮಹಿಳೆಯರ ಸಂಬಳಕ್ಕೆ ಅತಿಥಿಯ ಪಾಲು ಸೇರುವುದು ನ್ಯಾಯವೇ.

ಆದರೂ ಆಕ್ಷೇಪಗಳನ್ನು ಕಡೆಗಣಿಸುವಂತಿಲ್ಲ. ಮೊದಲನೆಯದಾಗಿ, ಹೋಂಸ್ಟೇ ನಡೆಸುವವರಲ್ಲಿ ಅನೇಕರು ಸಣ್ಣ ಬೆಳೆಗಾರರು. ಕಾಫಿ, ಮೆಣಸಿನ ಬೆಲೆ ಕುಸಿದ ವರ್ಷ ಎರಡು ಕೋಣೆಗಳ ಬಾಡಿಗೆಯೇ ಅವರ ಮನೆ ನಡೆಸುತ್ತದೆ. ಅವರ ತಲೆಗೆ ಲೆಕ್ಕಪತ್ರದ ಹೊರೆ ಕಟ್ಟಬಾರದು. ಎರಡನೆಯದಾಗಿ, ಒಂದು ಪಂಚಾಯಿತಿ ಶುಲ್ಕ ಇಟ್ಟು ಪಕ್ಕದ್ದು ಇಡದಿದ್ದರೆ ಅತಿಥಿಗಳು ಪಕ್ಕಕ್ಕೆ ಸರಿಯಬಹುದು. ಮೂರನೆಯದಾಗಿ, ಶುಲ್ಕ ಕೊಡುವುದು ನೋಂದಣಿ ಮಾಡಿಸಿದ ಪ್ರಾಮಾಣಿಕ ಮನೆಗಳು ಮಾತ್ರ, ಕದ್ದುಮುಚ್ಚಿ ನಡೆಸುವವರು ಪಾರಾಗುತ್ತಾರೆ ಎಂಬ ಭಯವೂ ಇದೆ. ನಾಲ್ಕನೆಯದಾಗಿ, ಜಿಎಸ್‌ಟಿ ಕೊಟ್ಟ ಅತಿಥಿ 'ಇನ್ನೊಂದು ಸಲ ಏಕೆ' ಎಂದು ಕೇಳಿದರೆ ಅವನ ಪ್ರಶ್ನೆಯಲ್ಲೂ ಹುರುಳಿದೆ.

ಈ ಕೊನೆಯ ಪ್ರಶ್ನೆಗೆ ಎರಡು ಉತ್ತರಗಳಿವೆ. ಹೊಸ ಶುಲ್ಕವನ್ನೇ ಹಾಕದೆ, ವಸತಿಯಿಂದ ರಾಜ್ಯಕ್ಕೆ ಬರುವ ಜಿಎಸ್‌ಟಿ ಪಾಲಿನಲ್ಲಿ ಒಂದಂಶವನ್ನು ಆಯಾ ಪಂಚಾಯಿತಿಗೆ ಹಿಂತಿರುಗಿಸುವುದು ಒಂದು. ಸಂವಿಧಾನದ 243-ಐ ವಿಧಿಯಂತೆ ರಚನೆಯಾಗುವ ರಾಜ್ಯ ಹಣಕಾಸು ಆಯೋಗ ರಾಜ್ಯದ ಆದಾಯವನ್ನು ಪಂಚಾಯಿತಿಗಳ ಜೊತೆ ಹಂಚಿಕೊಳ್ಳುವ ತತ್ವಗಳನ್ನು ಶಿಫಾರಸು ಮಾಡುತ್ತದೆ. ಜನಸಂಖ್ಯೆಯ ಜೊತೆಗೆ ಅತಿಥಿ-ರಾತ್ರಿಗಳನ್ನೂ ಎಣಿಸಿ ಎಂದು ಆ ಆಯೋಗವನ್ನು ಕೇಳಬಹುದು. ಎರಡನೆಯದು, ಶುಲ್ಕ ಇಡುವುದೇ ಆದರೆ ಅದರ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿ ಹೇಳುವುದು. ಬಂದ ಹಣ ಇಷ್ಟು, ಕಸದ ಗಾಡಿಗೆ ಇಷ್ಟು, ನೀರಿನ ಟ್ಯಾಂಕಿಗೆ ಇಷ್ಟು ಎಂದು ಪಂಚಾಯಿತಿಯ ಗೋಡೆಯ ಮೇಲೆ ಬರೆದರೆ ಅತಿಥಿಯೂ ಗೊಣಗದೆ ಕೊಡುತ್ತಾನೆ.

ಅತಿಥಿಯಿಂದ ಹಣ ಪಡೆಯುವುದು ನಮ್ಮ ಸಂಸ್ಕೃತಿಗೆ ಒಪ್ಪದು ಎನ್ನುವವರಿದ್ದಾರೆ. ಛತ್ರದ ಕಾಲದಲ್ಲಿ ದಾನಿಯ ದತ್ತಿಯಿತ್ತು. ದತ್ತಿಯಿಲ್ಲದ ಹಳ್ಳಿಯಲ್ಲಿ ಅತಿಥಿಯ ಖರ್ಚನ್ನು ಹೊರುವವರು ಯಾರು? ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಕೊಡ ಹಿಡಿದು ದೂರ ನಡೆಯುವ ಮನೆಯವರು. ಹೋಂಸ್ಟೇ ಇಲ್ಲದ, ಪ್ರವಾಸೋದ್ಯಮದಿಂದ ಒಂದು ರೂಪಾಯಿಯೂ ಕಾಣದ ಕೂಲಿಕಾರರ ಮನೆಗಳೂ ಅವುಗಳಲ್ಲಿವೆ. ಅತಿಥಿ ಸತ್ಕಾರದ ಹೊರೆ ಅವರ ಹೆಗಲ ಮೇಲೆ ಕಾಣದಂತೆ ಬೀಳುವುದಕ್ಕಿಂತ, ಅತಿಥಿಯ ಬಿಲ್ಲಿನಲ್ಲಿ ಕಾಣುವಂತೆ ಇರುವುದು ಹೆಚ್ಚು ಗೌರವದ ಮಾತು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಮನೆಯವರು ಈಚೆಗೆ ಎಲ್ಲಾದರೂ ತಂಗಿದ್ದರೆ ಆ ಬಿಲ್ಲನ್ನು ತೆಗೆದು ನೋಡಿ. ಬಾಡಿಗೆ ಎಷ್ಟು, ಕೇಂದ್ರದ ತೆರಿಗೆ ಎಷ್ಟು, ರಾಜ್ಯದ ತೆರಿಗೆ ಎಷ್ಟು? ಊರಿನ ಹೆಸರು ಎಲ್ಲಾದರೂ ಇದೆಯೇ?

2. ರಾತ್ರಿ ತಂಗುವವರಿಗೆ ಶುಲ್ಕ ಇಟ್ಟು, ಹಗಲು ಬಂದು ಹೋಗುವವರನ್ನು ಬಿಡುವುದು ಸರಿಯೇ? ಅವರಿಂದ ಪಡೆಯುವ ನ್ಯಾಯವಾದ ವಿಧಾನ ಯಾವುದು?

3. ತಲೆಗೆ ಇಷ್ಟು ಎಂದು ಒಂದೇ ಮೊತ್ತ ಇಡುವುದು ಮೇಲೋ, ಬಾಡಿಗೆಗೆ ಶೇಕಡಾ ಇಷ್ಟು ಎಂದು ಇಡುವುದು ಮೇಲೋ? ಬಡ ಯಾತ್ರಿಕ ಮತ್ತು ಶ್ರೀಮಂತ ಪ್ರವಾಸಿ ಇಬ್ಬರನ್ನೂ ನೆನಪಿನಲ್ಲಿಟ್ಟುಕೊಂಡು ಉತ್ತರಿಸಿ.

4. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಈ ವಿಷಯ ಬಂದರೆ ಹೋಂಸ್ಟೇ ನಡೆಸುವವರು, ಕೂಲಿಕಾರರು, ಅಂಗಡಿಯವರು ಏನೆನ್ನಬಹುದು? ತರಗತಿಯಲ್ಲಿ ಮೂರು ಗುಂಪುಗಳಾಗಿ ವಾದಿಸಿ ನೋಡಿ. ವಾದಕ್ಕೆ ಮುನ್ನ ಊರಿನ ನೀರಿನ ಲೆಕ್ಕವನ್ನು ಪಂಚಾಯಿತಿ ಕಚೇರಿಯಿಂದ ಕೇಳಿ ತಂದಿರಿ.